ಅಟ್ಟದ ಮೇಲಿನ ಅನ್ನದ ವಾಸನೆ

ಸಂತೆಕಲ್ಲೂರಿನ ಆ ಮನೆಯವರು ನನ್ನನ್ನು ಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹೊರಗೋಡೆಗೆ ಏಣಿ ಹಚ್ಚಿ ಮಾಳಿಗೆ ಹತ್ತಬೇಕು, ಅಲ್ಲಿಂದ ಬೆಳಕಿಂಡಿಯಲ್ಲಿ ಕಾಲು ಇಳಿಬಿಟ್ಟು ಅಟ್ಟಕ್ಕೆ ಇಳಿಯಬೇಕು ಎಂದರು. ಆರು ದಿನ ನಾನು ಹಾಗೆಯೇ ಹತ್ತಿ ಇಳಿದೆ. ಆರು ದಿನವೂ ಒಂದು ತಂಬಿಗೆ ನೀರು ಕೊಡಲಿಲ್ಲ.

ಆಗ ನಾನು ಲಿಂಗಸೂಗೂರಿನ ಕೃಷಿ ಕಚೇರಿಯಲ್ಲಿ ಇಲಿ ನಿರ್ಮೂಲನದ ಫೀಲ್ಡ್‌ಮನ್. ಮಸ್ಕಿಯಲ್ಲಿ ಬಾಡಿಗೆ ಖೋಲಿ, ಇಲಾಖೆಯ ಸೈಕಲ್ಲು, ಕ್ಯಾರಿಯರ್ ಮೇಲೆ ಔಷಧದ ಡಬ್ಬಿ. ಸಿಂಧನೂರಿನ ಕಡೆ ಕಾಲುವೆ ನೀರು ಬಂದು ಐದಾರು ವರ್ಷವಾಗಿತ್ತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಹೆಗ್ಗಣ ಬಂದವು. ಹೆಗ್ಗಣದ ಹಿಂದೆ ನಾವು ತಿರುಗುತ್ತಿದ್ದೆವು.

ಇಷ್ಟು ವರ್ಷ ಇದನ್ನು ಬರೆಯುವ ಮನಸ್ಸಾಗಿರಲಿಲ್ಲ. ಹೋದ ತಿಂಗಳು ನನ್ನ ಹೆಂಡತಿ ತೀರಿಕೊಂಡಳು. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮೊದಲ ಕೂಸು ಮೂರು ತಿಂಗಳಿನದು ಜ್ವರ ಬಂದು ಹೋಗಿತ್ತು. ಅದರ ಮುಖ ಕಂಡು ನೆನಪಿಟ್ಟುಕೊಂಡವರು ನಾವಿಬ್ಬರೇ ಇದ್ದೆವು, ಈಗ ನಾನೊಬ್ಬ. ಇದು ಆ ಕೂಸಿನ ಕಥೆಯಲ್ಲ. ಆದರೆ ಅದನ್ನು ಬಿಟ್ಟು ಹೇಳಿದರೆ ಆ ಮನೆಯಲ್ಲಿ ನಾನು ಮಾಡಿದ ತಪ್ಪುಗಳು ಅರ್ಥವಾಗುವುದಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು. ನಾನು ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದಿದ್ದೆ. ಯಾವ ಮನೆಯಲ್ಲೂ ಹೆಚ್ಚು ಹೊತ್ತು ನಿಲ್ಲುವುದು ನನಗೆ ಬೇಡವಾಗಿತ್ತು.

ಆ ಮನೆಯ ಮಗ ಮಸ್ಕಿ ಸಂತೆಯ ದಿನ ನನ್ನನ್ನು ಹುಡುಕಿಕೊಂಡು ಬಂದ. ಮೂವತ್ತರ ಒಕ್ಕಲಿಗ, ಎತ್ತರದ ಆಳು, ಮಾತಾಡುವಾಗ ನೆಲ ನೋಡುತ್ತಿದ್ದ.

"ಅಟ್ಟದ ಮ್ಯಾಲೆ ಏನೋ ಓಡ್ಯಾಡತೈತ್ರಿ. ಇಲಿ ಇರಬೇಕು. ಇಲಿ ಆದ್ರ ಚಲೋ" ಎಂದ.

ಇಲಿಯಾದರೆ ಒಳ್ಳೆಯದು ಎಂದು ಹೇಳಿದ ರೈತನನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಹೋದಾಗ ಅವನ ತಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. "ಯಾವ ಪೈಕಿ ನೀ?" ಎಂದಳು.

"ಸರಕಾರದ ಪೈಕಿ ಯಮ್ಮಾ."

"ಸರಕಾರ ಇಲಿ ಹಿಡಿಯಾಕ ಪಗಾರ ಕೊಡತೈತಿ? ನಮ್ಮ ಬೆಕ್ಕಿಗೂ ಒಂದು ನೌಕರಿ ಹಚ್ಚಿಕೊಡು, ತಮ್ಮಾ. ಏಣಿ ಹಿತ್ತಲದಾಗ ಐತಿ. ಹೊಸ್ತಿಲ ಮೆಟ್ಟಬ್ಯಾಡ."

ಮನೆಯ ಸಂಗತಿಯನ್ನು ನನಗೆ ಹೇಳಿದವನು ಏಣಿ ಹಿಡಿಯಲು ಬಂದ ಓಣಿಯ ಹಿರಿಯ. ಅವನು ಅವರಿಗೆ ದೂರದ ಸಂಬಂಧಿ. ಮಗನ ಮೊದಲ ಹೆಂಡತಿ ತುರ್ವಿಹಾಳದವಳು, ಕಾಲುವೆ ಊರಿನ ಹೆಣ್ಣು. ಯುಗಾದಿಯಾಗಿ ಎಂಟು ದಿನಕ್ಕೆ ಹೆರಿಗೆಯಲ್ಲಿ ಸತ್ತಿದ್ದಳು, ಕೂಸೂ ಉಳಿಯಲಿಲ್ಲ. ಎರಡು ತಿಂಗಳೊಳಗೆ ಅವಳ ತಂಗಿಯನ್ನೇ ತಂದು ಮದುವೆ ಮಾಡಿದ್ದರು. ತಂಗಿ ಬಂದ ಮೇಲೆ ಅಟ್ಟದ ಮೇಲೆ ಹೆಜ್ಜೆ ಸಪ್ಪಳ ಕೇಳತೊಡಗಿತು. ಜೊತೆಗೆ ಅನ್ನ ಬೇಯುವ ವಾಸನೆ.

"ನಮ್ಮದು ಜ್ವಾಳದ ಊರು. ಹಬ್ಬ ಬಂದ್ರ ಅಕ್ಕಿ ತರತೀವಿ" ಎಂದ ಹಿರಿಯ. "ಸತ್ತಾಕಿ ಅನ್ನಾ ಅನ್ನಾ ಅಂತಿದ್ಲು. ಈಗ ಸತ್ತ ಮ್ಯಾಲೆ ಅಟ್ಟದಾಗ ಅನ್ನಕ್ಕ ಇಟ್ಟಾಳ ಅಂತಾಳ ಮುದುಕಿ. ತಂಗಿ ತನ್ನ ಜಾಗಾದಾಗ ಬಂದು ಕುಂತಾಳಂತ ಸಿಟ್ಟಂತ."

ಮಣ್ಣೆತ್ತಿನ ಅಮಾವಾಸ್ಯೆಗೆ ಎಂಟು ದಿನವಿತ್ತು. ಅಮಾವಾಸ್ಯೆಯ ಮರುದಿನದಿಂದ ಆಷಾಢ. ಹೊಸ ಸೊಸೆಯರು ಆಷಾಢಕ್ಕೆ ತವರಿಗೆ ಹೋಗುವುದು ಎಲ್ಲೆಡೆಯ ಪದ್ಧತಿ. ಅಟ್ಟದ ಮೇಲಿನದು ಹೋಗದಿದ್ದರೆ ಈ ಸೊಸೆಯನ್ನು ಕಳಿಸಿ ಮತ್ತೆ ಕರೆಯುವುದಿಲ್ಲ ಎಂದು ಮುದುಕಿ ಓಣಿಗೆಲ್ಲ ಹೇಳಿಬಿಟ್ಟಿದ್ದಳು.

ಅಟ್ಟ ಕತ್ತಲು. ಆಳು ಬಗ್ಗಿ ನಡೆಯುವಷ್ಟು ಎತ್ತರ. ಹಳೆಯ ಜೋಳದ ಚೀಲ, ಮುರಿದ ಕೂರಿಗೆ, ಬೀಜದ ಮಡಕೆಗಳು, ಮೂಲೆಯಲ್ಲಿ ಒಂದು ಬುಟ್ಟಿಯ ತುಂಬ ಹಳೆಬಟ್ಟೆ ಕೂಡಿಸಿ ಹೊಲಿದು ಮಡಿಸಿದ ಕೌದಿಗಳು. ಇಲಿಯಿದ್ದರೆ ಗೋಡೆಯ ಗುಂಟ ಅದರ ಮೈಯ ಜಿಡ್ಡು ಹತ್ತಿ ಕರಿಗೆರೆ ಬಿದ್ದಿರುತ್ತದೆ, ಜೀರಿಗೆಗಿಂತ ಸ್ವಲ್ಪ ದಪ್ಪನೆಯ ಹಿಕ್ಕೆ ಇರುತ್ತದೆ, ಕಟ್ಟಿಗೆಯಲ್ಲಿ ಎರಡೆರಡು ಹಲ್ಲಿನ ಗುರುತು ಇರುತ್ತದೆ. ಇವೆಲ್ಲ ನನಗೆ ಬಾಯಿಪಾಠ. ಆದರೆ ನಾನು ಹುಡುಕಲಿಲ್ಲ. ಒಂದು ಚೀಲದ ಮೂಲೆ ಹರಿದದ್ದು ಕಂಡಿತು, ಅಷ್ಟೇ ಸಾಕಾಯಿತು. ಬೆಳಕಿಂಡಿಯಲ್ಲಿ ತಲೆ ಹಾಕಿ "ಇಲಿನ, ಯಮ್ಮಾ" ಎಂದು ಕೂಗಿದೆ.

ಮೊದಲು ವಿಷವಿಲ್ಲದ ತಿನಿಸು ಇಡುವುದು ನಮ್ಮ ಕ್ರಮ. ಜೋಳದ ನುಚ್ಚಿಗೆ ಕುಸುಬಿ ಎಣ್ಣೆ ಕಲಸಿ ಒಡೆದ ಮಡಕೆಯ ಚೂರುಗಳ ಮೇಲೆ ಇಡಬೇಕು. ಎರಡು ದಿನ ತಿಂದು ರೂಢಿಯಾದ ಮೇಲೆ ಅದೇ ಜಾಗದಲ್ಲಿ ಜಿಂಕ್ ಫಾಸ್ಫೈಡ್ ವಿಷ ಬೆರೆಸಿದ್ದು ಇಡಬೇಕು. ಹತ್ತು ಕಡೆ ಇಟ್ಟು ಬಂದೆ.

ಎರಡನೆಯ ದಿನ ಒಂದು ಕಾಳೂ ಅಲುಗಿರಲಿಲ್ಲ. ಮೂರನೆಯ ದಿನವೂ ಹಾಗೆಯೇ. ಎಣ್ಣೆ ಹಚ್ಚಿದ ನುಚ್ಚನ್ನು ಇಲಿ ಎರಡು ದಿನ ಬಿಟ್ಟದ್ದು ನಾನು ಎಲ್ಲೂ ಕಂಡಿರಲಿಲ್ಲ. ಆಗ ಚೀಲದ ಮೂಲೆಯನ್ನು ಸರಿಯಾಗಿ ನೋಡಿದೆ. ಅದು ಮೊಳೆಗೆ ಸಿಕ್ಕು ಹರಿದದ್ದು. ಮಾಳಿಗೆಯ ಮೇಲಿಂದಲೇ ಮುದುಕಿಗೆ ನಿಜ ಹೇಳಿದೆ. "ನಾನು ತಪ್ಪು ಹೇಳಿದ್ದೆ. ಇಲಿ ಅಲ್ಲ."

ಅವಳು ಓಣಿಗೆ ಕೇಳುವಂತೆ ನಕ್ಕಳು. "ಕೇಳಿದ್ರೇನು? ಇಲಿ ಅಲ್ಲಂತ ಸರಕಾರನ ಹೇಳಾಕತ್ತೈತಿ! ನಾ ಹೇಳಿದ್ರ ಮುದುಕಿಗೆ ಅರಳುಮರಳು ಅಂತಿದ್ರಿ."

ಅಂಗಳದ ಒಳಬಾಗಿಲಲ್ಲಿ ನಿಂತಿದ್ದ ಸಣ್ಣ ಸೊಸೆಯನ್ನು ಆಗ ಸರಿಯಾಗಿ ನೋಡಿದೆ. ಹದಿನೆಂಟು ಇದ್ದೀತು. ನನ್ನ ಅವಸರದ ಮಾತು ಅವಳ ಕುತ್ತಿಗೆಗೆ ಬಂದಿತ್ತು.

ಬೇರೇನೂ ತಿಳಿಯದಾಗ ಹೆಜ್ಜೆ ತೆಗೆಯಬೇಕು. ನುಣುಪಾದ ಬೂದಿಯನ್ನು ಜರಡಿ ಹಿಡಿದು ಹಲಗೆಯ ಮೇಲೆ ತೆಳ್ಳಗೆ ಹರವಿದರೆ ಬೆಳಗಾಗುವಷ್ಟರಲ್ಲಿ ಓಡಾಡಿದ ಪ್ರಾಣಿಯ ಗುರುತು ಬಿದ್ದಿರುತ್ತದೆ. ಬೂದಿ ಬೇಕು ಎಂದು ಹಿತ್ತಲಲ್ಲಿ ಸೊಸೆಯನ್ನು ಕೇಳಿದೆ. ಒಲೆಯ ಬೂದಿಯನ್ನೂ ಜರಡಿಯನ್ನೂ ತಂದು ಏಣಿಯ ಬುಡದಲ್ಲಿಟ್ಟಳು.

"ಅಣ್ಣಾರ, ಅದು ಏನರ ಇರಲಿ, ದೆವ್ವ ಅಲ್ಲ ಅಂತ ಆಗಲಿ" ಎಂದಳು, ನನ್ನ ಕಡೆ ನೋಡದೆ. "ದೆವ್ವ ಹಚ್ಚಿಕೊಂಡು ಬಂದಾಳ ಅಂದ್ರ ನಮ್ಮಪ್ಪ ಒಳಗ ಕರ್ಕೊಳ್ಳಂಗಿಲ್ಲ. ನನ್ನ ಹಿಂದ ಇನ್ನೊಬ್ಬಾಕಿ ತಂಗಿ ಅದಾಳ. ಆಕಿನ್ನ ಯಾರು ಮಾಡ್ಕೊತಾರ?"

ಬೂದಿ ಯಾಕೆ ಎಂದು ಅವಳು ಕೇಳಲಿಲ್ಲ. ಆ ಮನೆಯಲ್ಲಿ ಬೂದಿ ಹರವಿದರೆ ಏನಾಗುತ್ತದೆ ಎಂದು ನಾನೂ ಯೋಚಿಸಲಿಲ್ಲ. ಯೋಚಿಸಬೇಕಿತ್ತು, ನಾನೂ ಅದೇ ಸೀಮೆಯವನು.

ನಾಲ್ಕನೆಯ ದಿನ ಬೆಳಿಗ್ಗೆ ಇಳಿದು ನೋಡಿದೆ. ಬೆಳಕಿಂಡಿಯಿಂದ ಕೌದಿಯ ಬುಟ್ಟಿಯವರೆಗೆ ಬೂದಿಯಲ್ಲಿ ಹೆಜ್ಜೆಗಳು ಬಿದ್ದಿದ್ದವು. ಬೆಕ್ಕಿನವಲ್ಲ, ಬೆಕ್ಕಿಗೆ ನಾಲ್ಕೇ ಬೆರಳು ಮೂಡುತ್ತವೆ. ಇಲ್ಲಿ ಐದು ಬೆರಳು, ಅವುಗಳ ಹಿಂದೆ ದುಂಡನೆಯ ಅಂಗಾಲು, ಕೆಲವು ಕಡೆ ಹಿಮ್ಮಡಿ ಕೂಡ. ನಮ್ಮ ಕೂಸಿನ ಅಂಗಾಲು ಹೆಚ್ಚುಕಡಿಮೆ ಅದೇ ಅಳತೆಯದಾಗಿತ್ತು. ಅದನ್ನು ನಾನು ಅಂಗೈಯಲ್ಲಿ ಹಿಡಿದು ನೋಡಿದ್ದೆ.

ಹೆಜ್ಜೆಗಳ ಮುಂದೆ ಕುಳಿತುಬಿಟ್ಟೆ. ನಾನು ಕೂಗದಿದ್ದುದು ಕಂಡು ಮುದುಕಿ ಆ ವಯಸ್ಸಿನಲ್ಲೂ ಏಣಿ ಹತ್ತಿ ಬಂದಳು. ಬೆಳಕಿಂಡಿಯಲ್ಲಿ ಬಗ್ಗಿ ನೋಡಿದಳು. ಮೊದಲು ಅವಳಿಗೆ ಕಂಡದ್ದು ಬೂದಿ.

ನಮ್ಮ ಕಡೆ ಮನೆಯಲ್ಲಿ ಸಾವಾದರೆ, ಜೀವ ಹೋದ ಜಾಗದಲ್ಲಿ ಬೂದಿಯನ್ನೋ ಹಿಟ್ಟನ್ನೋ ಹರವಿ ಬುಟ್ಟಿ ಮುಚ್ಚಿಡುತ್ತಾರೆ. ಬೆಳಿಗ್ಗೆ ಬುಟ್ಟಿ ಎತ್ತಿ ಯಾವ ಹೆಜ್ಜೆ ಮೂಡಿದೆ ಎಂದು ನೋಡುತ್ತಾರೆ. ಹಕ್ಕಿಯದಾದರೆ ಹಕ್ಕಿ, ಎತ್ತಿನದಾದರೆ ಎತ್ತು. ಸತ್ತವರು ಮುಂದೆ ಯಾವ ಜನ್ಮಕ್ಕೆ ಹೋದರು ಎಂಬುದಕ್ಕೆ ಅದೇ ಸಾಕ್ಷಿ. ಹಸುಗೂಸುಗಳಿಗೆ ಹಾಗೆ ಮಾಡುವುದಿಲ್ಲ. ನಮ್ಮ ಮನೆಯಲ್ಲೂ ಮಾಡಿರಲಿಲ್ಲ.

"ಯಾರನ್ನ ಕೇಳಿ ಬೂದಿ ಹರವಿದಿ, ಭಾಡ್ಯಾ?" ಎಂದು ಚೀರಿದಳು. ಆಮೇಲೆ ಹೆಜ್ಜೆ ಕಂಡವು. ದನಿ ಇಳಿಯಿತು. "ಕೂಸಿನ ಕಾಲು. ತಾಯಿ ಕೂಸು ಕೂಡೇ ಬಂದಾವ." ತಿರುಗಿ ಅಂಗಳದತ್ತ ಕೂಗಿದಳು. "ಏ ಸೊಸೀ, ನಿನ್ನ ಗಂಟು ಕಟ್ಟಬೇ! ನಿನ್ನ ಅಕ್ಕ ಕೂಸು ಎತ್ತಿಕೊಂಡು ಬಂದು ನಿಂತಾಳ!"

ಅದು ಪ್ರಾಣಿಯ ಹೆಜ್ಜೆ ಎಂದು ನಾನು ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಯಾವ ಪ್ರಾಣಿ ಎಂದು ನನಗೆ ತಿಳಿದಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಹೆಜ್ಜೆಯ ಪಕ್ಕದಲ್ಲಿ ಬೆಂಕಿಕಡ್ಡಿ ಇಟ್ಟು ಅಳತೆ ನೋಡಿದೆ, ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಅದರ ಚಿತ್ರ ಬರೆದುಕೊಂಡೆ. ಕೆಳಗಿಳಿದಾಗ ಮಗ ನನ್ನ ಸೈಕಲ್ಲನ್ನು ರಸ್ತೆಗೆ ಎಸೆದಿದ್ದ. "ಇಲಿ ಹಿಡಿ ಅಂದ್ರ ಬೂದಿ ಹರವಿ ದೆವ್ವಕ್ಕ ಹಾದಿ ಮಾಡಿಕೊಟ್ಟಿ" ಎಂದ.

ಕಚೇರಿಯ ಸಾಹೇಬರು ಅರ್ಧ ಕೇಳಿ ಕೈ ಬೀಸಿದರು. "ಇಲಿ ಇಲ್ಲಂದ್ರ ನಿನಗೇನು ಕೆಲಸ ಅಲ್ಲಿ? ಬಿಟ್ಟು ಬಾ." ಬಿಟ್ಟುಬಿಡಬಹುದಿತ್ತು. ಆದರೆ ಎರಡು ಸಲ ನಾನು ಮಾಡಿದ ಕೆಲಸವೇ ಆ ಹುಡುಗಿಯ ವಿರುದ್ಧ ಸಾಕ್ಷಿಯಾಗಿತ್ತು. ನುಚ್ಚು ತಿನ್ನದೆ ಉಳಿದದ್ದು ಒಂದು, ಬೂದಿ ಇನ್ನೊಂದು. ಮೊದಲ ದಿನ ನಾನು ಹೋಗದೇ ಇದ್ದಿದ್ದರೆ ಅವಳ ಮೇಲೆ ಬರೀ ಮುದುಕಿಯ ಮಾತಿರುತ್ತಿತ್ತು.

ಮಸ್ಕಿಗೆ ಮರಳುವ ದಾರಿಯಲ್ಲಿ ಹಳ್ಳದ ದಂಡೆಗೆ ಈಚಲ ಬನ. ಅಲ್ಲಿ ಸೇಂದಿ ಇಳಿಸುವವನೊಬ್ಬನಿದ್ದ, ಆಂಧ್ರದ ಕಡೆಯಿಂದ ಬಂದು ನೆಲೆಸಿದವನು. ಗಿಡಗಳ ಮೇಲೆ ಬದುಕುವವರಿಗೆ ಗೊತ್ತಿದ್ದೀತು ಎಂದು ಚಿತ್ರ ತೋರಿಸಿದೆ. ನೋಡಿ ನಕ್ಕುಬಿಟ್ಟ.

"ಅಯ್ಯೋ ಸಾಮೀ, ಇದು ನಮ್ಮ ಕಳ್ಳಿ. ಸೇಂದಿ ಬೆಕ್ಕು. ನಾ ಕಟ್ಟಿದ ಗಡಿಗಿ ಸೇಂದಿ ನನಗಿಂತ ಮುಂಚೆ ಕುಡೀತೈತಿ. ಕುಡದು ನನ್ನಂಗನ ಸುಮ್ಮನ ಮನಿಗೆ ಹೋಗತೈತಿ."

"ವಾಸನಿ ಹೆಂಗಿರತೈತಿ?"

"ಬಿಸಿ ಅನ್ನದ ವಾಸನಿ. ಹೆದರಿದ್ರ ಇನ್ನೂ ಜೋರು. ಹಸಿವಾಗಿ ಹತ್ತಿದಾಗ ಆ ವಾಸನಿ ಬಂದ್ರ ಗಿಡದ ಮ್ಯಾಲೆ ಕುಂತು ಅಳಬೇಕು ನೋಡ್ರಿ."

ಅದು ಪುನುಗಿನ ಬೆಕ್ಕಿನ ಜಾತಿಯದು ಎಂದು ಆಮೇಲೆ ತಿಳಿಯಿತು. ಹಗಲೆಲ್ಲ ಕತ್ತಲ ಜಾಗದಲ್ಲಿ ಮಲಗುತ್ತದೆ, ಹಣ್ಣು ತಿನ್ನುತ್ತದೆ, ಎತ್ತರದ ಒಂದೇ ಜಾಗದಲ್ಲಿ ಮಲ ಹಾಕುತ್ತದೆ, ಅದರಲ್ಲಿ ಬೀಜಗಳು ಹಾಗೇ ಇರುತ್ತವೆ ಎಂದು ಅವನು ಹೇಳಿದ. "ಮನಿ ಮ್ಯಾಲೆ ಹುಡುಕ್ರಿ. ಬೀಜ ಇದ್ರ ಅದಾ."

ಐದನೆಯ ದಿನ ಹಿರಿಯನನ್ನು ಹಿಡಿದು ಮಾಳಿಗೆ ಹತ್ತಲು ಒಪ್ಪಿಗೆ ಕೊಡಿಸಿಕೊಂಡೆ. ಬೆಳಕಿಂಡಿಗೆ ಮಳೆ ನೀರು ಬೀಳದಂತೆ ಒಂದು ಹಾಸುಗಲ್ಲನ್ನು ಓರೆಯಾಗಿ ನಿಲ್ಲಿಸಿದ್ದರು. ಅದರ ಹಿಂದೆ ಮಳೆ ತಾಗದ ಮೂಲೆಯಲ್ಲಿ ಮಲದ ಗುಪ್ಪೆ ಇತ್ತು. ಪ್ರತಿದಿನ ಅದರಿಂದ ಒಂದು ಮಾರು ದೂರದಲ್ಲೇ ನಾನು ಕಾಲು ಇಳಿಬಿಟ್ಟಿದ್ದೆ. ಕಡ್ಡಿಯಿಂದ ಪದರ ಪದರವಾಗಿ ಬಿಡಿಸಿದೆ. ಮೇಲೆ ಬೇವಿನ ಬೀಜ, ಇನ್ನೂ ಹಸಿ. ಅದರ ಕೆಳಗೆ ಈಚಲ ಬೀಜ. ತಳದಲ್ಲಿ ಒಣಗಿ ಬಿಳುಪೇರಿದ ಬಾರಿಕಾಯಿಯ, ಅಂದರೆ ಬೋರೆಹಣ್ಣಿನ, ಬೀಜ. ನೋಟ್‌ಬುಕ್ಕಿನಲ್ಲಿ ಮೂರನ್ನೂ ಬರೆದುಕೊಂಡೆ. ಬರೆಯುವುದು ಅಭ್ಯಾಸ, ಅದರ ಬೆಲೆ ಆಗ ಗೊತ್ತಾಗಲಿಲ್ಲ.

ಮನೆಯ ಸಾಮಾನು ಮುಟ್ಟಬಾರದು, ತಿನಿಸು ಇಟ್ಟು ಬರಬೇಕು ಎಂಬುದು ಇಲಾಖೆಯ ನಿಯಮ. ಆರನೆಯ ದಿನ ಅದನ್ನು ಮುರಿದೆ. ಓಣಿಯ ಐದು ಮಂದಿಯನ್ನು ಕರೆದುಕೊಂಡು ನಡುಹಗಲಿಗೆ ಬರಬೇಕೆಂದು ಹಿರಿಯನನ್ನು ಕೇಳಿಕೊಂಡೆ. ಮುದುಕಿಯೂ ಮಗನೂ ಮಾಳಿಗೆಯ ಮೇಲೆ ನಿಂತರು. ಸೊಸೆ ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತಳು.

ಅಟ್ಟಕ್ಕೆ ಇಳಿದು ಬುಟ್ಟಿಯ ಕಡೆ ಕೋಲು ಚಾಚಿದಾಗ ಮುದುಕಿ ಕೂಗಿದಳು. "ಅದನ್ನ ಮುಟ್ಟಬ್ಯಾಡ! ಸತ್ತಾಕಿ ಕೂಸಿಗಂತ ಹೊಲಿದ ಕೌದಿ ಅವು. ಬಾಣಂತಿ ಸತ್ತ ಮ್ಯಾಲೆ ಯಾರೂ ಮುಟ್ಟಿಲ್ಲ."

ಯಾರೂ ಮುಟ್ಟದಿದ್ದರಿಂದಲೇ ಅದು ಅಲ್ಲಿ ಮಲಗಿತ್ತು. ಮೇಲಿನ ಕೌದಿ ಎತ್ತಿದೆ. ಬೂದು ಬಣ್ಣದ ಉದ್ದ ಮೈ, ಕರಿಮೂತಿ, ಮೈಯಷ್ಟೇ ಉದ್ದದ ಬಾಲ. ಹಲ್ಲು ತೋರಿಸಿ ಬುಸುಗುಟ್ಟಿ ನನ್ನ ಭುಜ ತುಳಿದು ಬೆಳಕಿಂಡಿಯಿಂದ ಮೇಲೆ ಹಾರಿತು. ಐದು ಮಂದಿಯ ಕಾಲುಗಳ ನಡುವೆ ನುಗ್ಗಿ ಬೇವಿನ ಗಿಡಕ್ಕೆ ಜಿಗಿಯಿತು. ಬುಟ್ಟಿಯಲ್ಲಿ ಕಣ್ಣು ಬಿಡದ ಎರಡು ಮರಿ ಇದ್ದವು. ಅಟ್ಟದ ತುಂಬ ಅನ್ನ ಕುದಿಯುವ ವಾಸನೆ ಎದ್ದು ಮಾಳಿಗೆಯವರೆಗೆ ಬಂತು.

"ಥೂ, ಬೆಕ್ಕು!" ಎಂದು ಒಬ್ಬ ನಕ್ಕ. "ಬೆಕ್ಕಿಗೆ ಹೆದರಿ ವಾರಗಟ್ಟಲೆ ಒಳಗ ದೀಪ ಹಚ್ಚಿಟ್ಟಿದ್ಯೇನೋ?" ಎಂದು ಇನ್ನೊಬ್ಬ ಮಗನನ್ನು ಕೆಣಕಿದ.

ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

"ನಗಬ್ಯಾಡ್ರಿ" ಎಂದಳು ಮುದುಕಿ. "ಬೂದ್ಯಾಗ ಹೆಜ್ಜಿ ಮೂಡಿದ್ದು ನೋಡೀನಿ. ಈಗ ಪ್ರಾಣಿನೂ ನೋಡಿದ್ರಿ. ನನ್ನ ಸೊಸಿ ಆ ಜನ್ಮಕ್ಕ ಹೋಗ್ಯಾಳ. ಇಲ್ಲಂದ್ರ ಆಕಿ ಹೊಲಿದ ಕೌದಿನ ಹುಡುಕಿ ಯಾಕ ಮಲಗತೈತಿ? ಅನ್ನದ ವಾಸನಿ ಯಾಕ? ತಂಗಿ ಈ ಮನ್ಯಾಗ ಇರೋತನ ಆಕಿ ಹೋಗಂಗಿಲ್ಲ."

ನಕ್ಕವರು ಬೆಳಕಿಂಡಿಯಿಂದ ಹಿಂದೆ ಸರಿದರು. ಪದ್ಧತಿ ಎಲ್ಲರದೂ ಆಗಿತ್ತು. ಪ್ರಾಣಿಯನ್ನು ತೋರಿಸಿದರೆ ಸಾಕು ಎಂದು ನಾನು ತಿಳಿದಿದ್ದೆ. ಅವಳಿಗೆ ಪ್ರಾಣಿಯೇ ಬೇಕಾಗಿತ್ತು. ಸೊಸೆ ಏಣಿಯ ಕೊನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಆಗ ಹಾಸುಗಲ್ಲಿನ ಹಿಂದಿನ ಗುಪ್ಪೆ ನೆನಪಾಯಿತು. ಹಿರಿಯನನ್ನು ಅಲ್ಲಿಗೆ ಕರೆದೆ. ತಳದ ಬೀಜವನ್ನು ಅವನ ಅಂಗೈಗೆ ಹಾಕಿದೆ.

"ಇದು ಯಾವುದರದು?"

"ಬಾರಿಕಾಯಿದು."

"ಬಾರಿಹಣ್ಣು ನಿಮ್ಮ ಹೊಲದಾಗ ಯಾವಾಗ?"

"ಸಂಕ್ರಾಂತಿಗೆ. ಶಿವರಾತ್ರಿ ಅನ್ನೂದ್ರೊಳಗ ಮುಗೀತಾವ."

"ನಿಮ್ಮ ಸೊಸಿ ತೀರಿದ್ದು?"

ಹಿರಿಯ ಅಂಗೈ ಮುಚ್ಚಿ ಮತ್ತೆ ತೆರೆದ. ರೈತರಿಗೆ ನಾನು ಇನ್ನೇನೂ ಬಿಡಿಸಿ ಹೇಳಬೇಕಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. "ಯುಗಾದಿ ಆದಮ್ಯಾಲೆ ಸತ್ತಾಕಿ ಸಂಕ್ರಾಂತಿಗೆ ಬೆಕ್ಕ್ ಹೆಂಗ ಆಗತಾಳಬೇ?" ಎಂದು ಹಿರಿಯ ಮುದುಕಿಯನ್ನು ಕೇಳಿದ. "ಆಕಿ ಜೀವಂತ ಇದ್ದಾಗಿಂದ ಇದು ಇಲ್ಲೇ ಐತಿ. ಹಂಗಾದ್ರ ಆವಾಗ ವಾಸನಿ ಬಂದಿದ್ದಿಲ್ಲೇನು?"

ಮುದುಕಿ ಮಗನನ್ನು ನೋಡಿದಳು. ಮಗ ಬೇವಿನ ಗಿಡ ನೋಡಿದ.

"ಬಂದಿತ್ರಿ" ಎಂದಳು ಸೊಸೆ. ಅವಳು ಅಷ್ಟು ಮಂದಿಯ ಮುಂದೆ ಮಾತಾಡಿದ್ದು ಅದೇ ಮೊದಲಿರಬೇಕು. "ಹೋಳಿ ಹುಣ್ಣಿವಿ ಮುಂಚೆ ಅಕ್ಕ ಊರಿಗೆ ಬಂದಾಗ ನಮ್ಮವ್ವನ ಮುಂದ ಹೇಳಿ ಅತ್ತಿದ್ಲು. ಮನ್ಯಾಗ ಅನ್ನದ ವಾಸನಿ ಬರತೈತಿ, ನೀ ಕದ್ದು ಅಕ್ಕಿ ತಂದು ನಾವು ಹೊಲಕ್ಕ ಹೋದಾಗ ಬೇಯಿಸಿಕೊಂಡು ತಿಂತಿ ಅಂತ ಈ ಮನ್ಯಾಗ ಬಾರಕೋಲಲೆ ಬಡದ್ರಂತ. ಬಸುರಿದ್ಲು. ಮಾಡಿಲ್ಲ ಅಂತ ಆಣಿ ಮಾಡಿದ್ರೂ ಬಿಡಲಿಲ್ಲಂತ. ಬಾಯಿ ವಾಸನಿ ನೋಡ್ತಿದ್ರಂತ."

"ಸುಮ್ಮನಿರಲೇ" ಎಂದ ಗಂಡ. ಅವನ ದನಿಯಲ್ಲಿ ಬಲವಿರಲಿಲ್ಲ.

"ನಮ್ಮವ್ವ ನಂಬಲಿಲ್ರಿ" ಎಂದಳು. "ಮಾಡಿರಬೇಕು, ಅನ್ನದ ರುಚಿ ಹತ್ತಿದಾಕಿ ಅಂತ ನಮ್ಮವ್ವನೂ ಬೈದ್ಲು. ನಾನೂ ಹಂಗ ಅಂದ್ಕೊಂಡಿದ್ದೆ."

ಮುದುಕಿ ನಿಂತಲ್ಲೇ ಕುಳಿತಳು. ನನ್ನನ್ನು ನೋಡಿ, "ನಿನ್ನನ್ನ ಈ ಓಣಿಗೆ ಯಾರು ಕರೆದ್ರೋ, ಅವರ ಮನಿ ಹಾಳಾಗಲಿ" ಎಂದಳು. ಕರೆದವನು ಅವಳ ಮಗನೇ. ಆಗ ನನಗೆ ಅವಳ ಮೇಲೆ ಕರುಣೆ ಬರಲಿಲ್ಲ. ಈಗಲೂ ಬರುವುದಿಲ್ಲ.

ಮಗ ಔಷಧ ಹಾಕಿ ಸಾಯಿಸು ಎಂದ. ನನ್ನ ಔಷಧ ಇಲಿಗೆ, ಎಂದು ಡಬ್ಬಿ ಕಟ್ಟಿಕೊಂಡೆ. ಮರಿಗಳನ್ನು ತಾಯಿ ಅಂದೇ ಸಂಜೆ ಕಚ್ಚಿಕೊಂಡು ಹೋಯಿತು ಎಂದು ಹಿರಿಯ ಆಮೇಲೆ ತಿಳಿಸಿದ.

ಏಣಿ ಇಳಿದಾಗ ಸೊಸೆ ಹಿತ್ತಲಲ್ಲಿ ನಿಂತಿದ್ದಳು. "ಅಣ್ಣಾರ, ಬರದು ಕೊಡ್ರಿ."

"ದೆವ್ವ ಅಲ್ಲ ಅಂತ ಬರೀಲೇನು?"

"ಅದು ಐದು ಮಂದಿ ನೋಡ್ಯಾರ, ಊರಿಗೆ ಗೊತ್ತಾಗತೈತಿ. ಸಂಕ್ರಾಂತಿಯಿಂದ ಇತ್ತು ಅಂತ ಬರೀರಿ."

ಇಲಾಖೆಯ ವರದಿ ಹಾಳೆಯಲ್ಲಿ ಇಲಿ, ಹೆಗ್ಗಣ, ಅಳಿಲು ಎಂದು ಮೂರೇ ಸಾಲಿದ್ದವು. ಮೂರನ್ನೂ ಹೊಡೆದು ಹಾಕಿ ಕೆಳಗೆ ಬರೆದೆ: ಈ ಮನೆಯ ಅಟ್ಟದಲ್ಲಿ ಸೇಂದಿ ಬೆಕ್ಕು ವಾಸವಾಗಿದೆ. ಸಂಕ್ರಾಂತಿಯ ಕಾಲದಿಂದ ಇದೆ. ಅನ್ನದ ವಾಸನೆ ಆ ಪ್ರಾಣಿಯದು. ಮನೆಯಲ್ಲಿ ಯಾರೂ ಅನ್ನ ಬೇಯಿಸಿರಲಿಲ್ಲ. ಕೊನೆಯ ಸಾಲನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಆದರೂ ಬರೆದು ಸಹಿ ಮಾಡಿದೆ, ಜೊತೆಗಿದ್ದ ಕಚೇರಿಯ ಮುದ್ರೆ ಒತ್ತಿದೆ. ಹಿರಿಯ ಹೆಬ್ಬೆಟ್ಟು ಒತ್ತಿದ.

ಅಮಾವಾಸ್ಯೆಯ ಮರುದಿನ ಹಿರಿಯನೂ ಅವನ ಹೆಂಡತಿಯೂ ಅವಳನ್ನು ಬಂಡಿಯಲ್ಲಿ ಮಸ್ಕಿಗೆ ಕರೆತಂದರು. ಗಂಡ ಬರಲಿಲ್ಲ. ಆಷಾಢ ಕಳೆದ ಮೇಲೆ ಕರೆಯಲು ಬರುತ್ತಾನಂತೆ ಎಂದು ಹಿರಿಯನ ಹೆಂಡತಿ ಹೇಳಿದಳು. "ಬರಲಿ, ನಮ್ಮಪ್ಪ ಬಾಗಿಲದಾಗ ಕುಂತಿರತಾನ" ಎಂದಳು ಹುಡುಗಿ. ಆ ಮಾತಿನಲ್ಲಿ ಹೋಗುವೆನೆಂದೂ ಇರಲಿಲ್ಲ, ಒಲ್ಲೆನೆಂದೂ ಇರಲಿಲ್ಲ.

ಸಿಂಧನೂರಿನ ಬಸ್ಸು ಬರುವವರೆಗೆ ನಾನು ಅಲ್ಲೇ ಇದ್ದೆ. ಅವಳು ಸೆರಗಿನ ಗಂಟಿನಿಂದ ಕಾಗದ ಬಿಚ್ಚಿ, ನನಗೆ ಓದು ಬರುವುದಿಲ್ಲ, ನಮ್ಮ ಮನೆಯಲ್ಲೂ ಯಾರಿಗೂ ಬರುವುದಿಲ್ಲ, ಒಮ್ಮೆ ಓದಿ ಹೇಳಿ ಎಂದಳು. ಓದಿದೆ. ಇನ್ನೊಮ್ಮೆ ಎಂದಳು. ಓದಿದೆ. ಮೂರನೆಯ ಸಲ ಶುರು ಮಾಡಿದಾಗ ಕೈ ಎತ್ತಿ ನನ್ನನ್ನು ತಡೆದು, ಒಂದು ಅಕ್ಷರ ಬಿಡದೆ ಕೊನೆಯವರೆಗೆ ತಾನೇ ಹೇಳಿದಳು. ಕೊನೆಯ ಸಾಲನ್ನು ಮಾತ್ರ ಎರಡು ಸಲ ಹೇಳಿದಳು. ಮನೆಯಲ್ಲಿ ಯಾರೂ ಅನ್ನ ಬೇಯಿಸಿರಲಿಲ್ಲ.

"ನಮ್ಮವ್ವಗ ಹಿಂಗನ ಹೇಳತೀನಿ" ಎಂದು ಬಸ್ಸು ಹತ್ತಿದಳು.